ಕನ್ನಡ ಫ್ಯಾನ್‌ಫಿಕ್ ಎಓ3ಗೆ ಕೆಡದ ಹಾಗೆ ಏರಿಸಿದ್ದು: ನನ್ನ ಅನುಭವ

ಹೋದ ವಾರ ನನ್ನ ಕರ್ಣನ ಕಥೆಯ ಇಪ್ಪತ್ತೆರಡನೇ ಅಧ್ಯಾಯ ಎಓ3ಗೆ (ಆರ್ಕೈವ್ ಆಫ್ ಅವರ್ ಓನ್, ಫ್ಯಾನ್‌ಫಿಕ್ ಅಂದ್ರೆ ಅಭಿಮಾನಿಗಳು ಬರೆದ ಕಥೆ ಇಡೋ ಸೈಟು) ಹಾಕ್ದೆ, ಒಂದೇ ಒಂದು ಒತ್ತಕ್ಷರ ಕೆಟ್ಟಿಲ್ಲ. ಫೋನಲ್ಲಿ ನೋಡ್ದೆ, ಲ್ಯಾಪ್‌ಟಾಪಲ್ಲಿ ನೋಡ್ದೆ, ಇಪಬ್ (ಇ-ಪುಸ್ತಕದ ಫೈಲು) ಇಳಿಸ್ಕೊಂಡು ತಮ್ಮನ ಹಳೇ ಟ್ಯಾಬಲ್ಲೂ ನೋಡ್ದೆ, ಮೂರರಲ್ಲೂ ಸರಿಯಾಗಿದೆ. "ಅಕ್ಕಾ ಅಲ್ಲಿ ಕನ್ನಡ ನಿಲ್ಲಲ್ಲ, ಸುಮ್ನೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹಾಕ್ಬಿಡಿ" ಅಂತ ಎರಡು ವರ್ಷ ಹೇಳ್ತಾ ಬಂದವ್ರಿಗೆಲ್ಲ ಅವತ್ತೇ ರಾತ್ರಿ ಲಿಂಕ್ ಕಳಿಸ್ದೆ. ಖುಷಿ ತಡೆಯೋಕಾಗ್ಲಿಲ್ಲ, ಅದಕ್ಕೇ ಇದನ್ನ ಬರೀತಿರೋದು.

ಕಥೆ ಮಾಡರ್ನ್ ಎಯು, ಅಂದ್ರೆ ಹಳೇ ಪಾತ್ರಗಳು ಇವತ್ತಿನ ಕಾಲದಲ್ಲಿ. ಅಧಿರಥ ಇಲ್ಲಿ ಬಸ್ ಡ್ರೈವರ್, ಕರ್ಣ ಡಿಪೋ ಕ್ವಾರ್ಟರ್ಸಲ್ಲಿ ಬೆಳೆದ ಹುಡುಗ. ಡ್ರೈವರ್‌ಗೆ, ಬಸ್‌ನಲ್ಲಿ, ಟಿಕೆಟ್‌ಗೆ, ಇಂಥ ಪದಗಳು ಸಾಲಿಗೆ ಎರಡು ಮೂರು ಬರ್ತವೆ. ನನ್ನ ಕಷ್ಟ ಎಲ್ಲಾ ಹುಟ್ಟಿದ್ದು ಅಲ್ಲಿಂದ್ಲೇ. ಮೊದಲ ಹದಿನಾಲ್ಕು ಅಧ್ಯಾಯ ನಾನು ಪ್ರೆಸ್ಸಲ್ಲಿ ಕೆಲಸ ಮಾಡ್ತಿದ್ದಾಗ ಮಧ್ಯಾಹ್ನ ಊಟದ ಹೊತ್ತಲ್ಲಿ ಹಳೇ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು, ಅಂದ್ರೆ ಆಸ್ಕಿ ಫೈಲುಗಳು, ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡ ಫಾಂಟ್ ಹೊದಿಸಿದವು. ಈಗ ಎಲ್ಲಾ ಕಡೆ ಬಳಸೋ ಯುನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತ್ತು, ಬಸ್ ನಂಬರ್ ಅಂತ ಇಂಗ್ಲಿಷಲ್ಲಿ ಹಾಕಿದ್ದೆಲ್ಲ ಅರ್ಥ ಇಲ್ಲದ ಕನ್ನಡ ಅಕ್ಷರ ಆಗಿಬಿಟ್ಟಿತ್ತು. ಒಂದು ಡಿಟಿಪಿ ಅಂಗಡೀಲಿ ಕೊಟ್ಟು ನೋಡ್ದೆ, ಪುಟಕ್ಕೆ 15 ರೂಪಾಯಿ ಅಂದ್ರು, ಮೂರು ಅಧ್ಯಾಯಕ್ಕೆ ಸಾವಿರದ ಹತ್ರ ಹೋಯ್ತು, ಬಂದ ಫೈಲಲ್ಲಿ ಅರ್ಧ ತಪ್ಪು ಹಾಗೇ ಇತ್ತು. ಉಳಿದಿದ್ದು ನಾನೇ ಕೂತು ತಿದ್ದಿದೆ.

ದೊಡ್ಡ ಪೆಟ್ಟು ಬಿದ್ದಿದ್ದು ಆಮೇಲೆ. ಪರಿಚಯದ ಹುಡುಗ ಒಬ್ಬ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಬರೆದುಕೊಟ್ಟ, 4,500 ಕೊಟ್ಟೆ. ಆನ್‌ಲೈನ್ ಡಾಕ್ಯುಮೆಂಟಿಂದ ಕಾಪಿ ಮಾಡಿದಾಗ ಬರೋ ಕಸ, ಡಬಲ್ ಸ್ಪೇಸು, ಖಾಲಿ ಪ್ಯಾರಾ, ಕಾಣದ ಕ್ಯಾರೆಕ್ಟರು ಎಲ್ಲಾ ಒಂದೇ ಏಟಿಗೆ ಕ್ಲೀನ್ ಆಗುತ್ತೆ ಅಂದ. ಕ್ಲೀನ್ ಏನೋ ಆಯ್ತು. ಆದ್ರೆ ಕಾಣದ ಕ್ಯಾರೆಕ್ಟರ್ ಅಂತ ತೆಗೆದಿದ್ರಲ್ಲಿ, ಮುಂದಿನ ಅಕ್ಷರ ಒತ್ತಾಗದ ಹಾಗೆ ತಡೆಯೋ ನಮ್ಮ ಝಡ್‌ಡಬ್ಲ್ಯೂಎನ್‌ಜೆನೂ ಹೋಗಿತ್ತು, ಅರ್ಕಾವತ್ತು ಆಗದೆ ರ ಪೂರ್ತಿ ಉಳಿಸೋ ಝಡ್‌ಡಬ್ಲ್ಯೂಜೆನೂ ಹೋಗಿತ್ತು. ಡ್ರೈವರ್‌ಗೆ ಅನ್ನೋದು ಡ್ರೈವರ್ಗೆ ಆಯ್ತು, ಬಸ್‌ನಲ್ಲಿ ಬಸ್ನಲ್ಲಿ ಆಯ್ತು, ರ‍್ಯಾಂಕ್ ಅನ್ನೋದು ರ್ಯಾಂಕ್ ಆಯ್ತು. ಇಂಗ್ಲಿಷಲ್ಲಿ ಬರೆಯೋರಿಗೆ ಅದು ಕಸ, ನಮಗೆ ಅದು ಅಕ್ಷರ. ಒಟ್ಟು ಮೂರು ಸಾವಿರ ಚಿಲ್ಲರೆ ಜಾಗದಲ್ಲಿ ಹೋಗಿತ್ತು, ನಾನು ಹಳೇ ಫೈಲ್ ಮೇಲೇ ಸೇವ್ ಮಾಡಿದ್ದೆ. ಅವತ್ತು ಊಟ ಸೇರ್ಲಿಲ್ಲ.

ಅದೇ ಸ್ಕ್ರಿಪ್ಟಲ್ಲಿ ಇನ್ನೊಂದು ಇತ್ತು. ಕಥೇಲಿ ಮಧ್ಯಕ್ಕೆ ಹೀರೋ ಹೆಸರು ವಸು ಅಂತ ಇಡೋಣ ಅನ್ಸಿತ್ತು, ಕರ್ಣನ ಮೊದಲ ಹೆಸರು ವಸುಷೇಣ ತಾನೆ, ಹಾಗಾಗಿ ಕರ್ಣ ಅಂತ ಪೂರ್ತಿ ಪದ ಇರೋ ಕಡೆ ಮಾತ್ರ ಬದಲಾಯಿಸು ಅಂತ ಹೇಳಿದ್ದೆ. ಪೈಥಾನಿನ ಮಾಮೂಲಿ ರೆಜೆಕ್ಸು (ಪದ ಹುಡುಕೋ ಸೂತ್ರ) ಕನ್ನಡದ ದೀರ್ಘ, ಕೊಂಬು, ಗುಡಿಸು ಯಾವುದನ್ನೂ ಪದದ ಭಾಗ ಅಂತ ಲೆಕ್ಕ ಹಿಡಿಯಲ್ಲ. ಅದಕ್ಕೆ ಕರ್ಣಾಟಕ ಅನ್ನೋದ್ರಲ್ಲಿ ಣ ಆದ್ಮೇಲೆ ಪದ ಮುಗೀತು ಅನ್ನಿಸಿ, ಕಥೇಲಿ ಬರೋ ಸಂಘದ ಬೋರ್ಡಿನ ಮೇಲೆ ವಸು ಅಂತ ಹಾಕಿ ಪಕ್ಕದಲ್ಲಿ ಚುಕ್ಕೆ ಚುಕ್ಕೆ ವೃತ್ತಕ್ಕೆ ಒಂದು ದೀರ್ಘ ನೇತಾಡಿಸಿತ್ತು. ಅದೇ ಕರ್ಣನ, ಕರ್ಣನಿಗೆ ಇರೋ ಕಡೆ ಮುಟ್ಟೇ ಇಲ್ಲ, ನಮ್ಮ ವಿಭಕ್ತಿ ಪ್ರತ್ಯಯ ಅಂಟ್ಕೊಂಡೇ ಬರುತ್ತಲ್ಲ. ಹೆಸರು ಬದಲಾಯಿಸೋ ಯೋಚ್ನೆನೇ ಬಿಟ್ಟೆ, ಈಗ ಕರ್ಣನೇ ಚೆನ್ನಾಗಿದೆ ಅನ್ಸುತ್ತೆ.

ಈಗ ನಾನು ಮಾಡೋದು ಹೀಗೆ. ಫೈಲನ್ನ ಯಾವ ಕ್ಲೀನಿಂಗಿಗೂ ಕೊಡೋಕೆ ಮುಂಚೆ, ಎರಡೂ ಕಾಣದ ಅಕ್ಷರನ ಕಥೇಲಿ ಎಲ್ಲೂ ಬರದ ಎರಡು ಕಾಣೋ ಚಿಹ್ನೆಗೆ ಬದಲಾಯಿಸ್ತೀನಿ, ಒಂದಕ್ಕೆ ಕಠಾರಿ ಗುರುತು (†), ಇನ್ನೊಂದಕ್ಕೆ ಜೋಡಿ ಕಠಾರಿ (‡). ಆಗ ಸ್ಕ್ರೀನ್ ಮೇಲೆ ಎಣಿಸಬಹುದು. ಅಧ್ಯಾಯಕ್ಕೆ 140ರಿಂದ 160 ಇರುತ್ತೆ, ಆ ಸಂಖ್ಯೆ ಒಂದು ಚೀಟೀಲಿ ಬರ್ಕೋತೀನಿ. ಆಮೇಲೆ ಕಸ ತೆಗೆಯೋದು, ಎಚ್‌ಟಿಎಂಎಲ್ ಟ್ಯಾಗ್ (ಪುಟ ಹೇಗೆ ಕಾಣ್ಬೇಕು ಅನ್ನೋ ಗುರುತು) ಹಾಕೋದು, ಎಲ್ಲಾ ಮುಗಿದ ಮೇಲೆ ಕೊನೇಗೆ ಕಠಾರಿ ತೆಗೆದು ಅಕ್ಷರ ವಾಪಸ್ ಕೂರಿಸೋದು. ಎಣಿಕೆ ಚೀಟಿಗೆ ತಾಳೆ ಆಗ್ಬೇಕು, ಒಂದು ಕಮ್ಮಿ ಆದ್ರೂ ಏರ್ಸಲ್ಲ. ಇಷ್ಟೇ. ಎರಡು ವರ್ಷ ಯಾರಿಗೂ ಹೊಳೀಲಿಲ್ಲ ಇದು, ಸ್ಕ್ರಿಪ್ಟ್ ಬರೆದ ಹುಡುಗ ಈಗ ತಾನೂ ಹಂಗೇ ಮಾಡ್ತೀನಿ ಅಂತಾನೆ. ಆಗ್ಲೇ ಕಳ್ಕೊಂಡಿದ್ದ ಮೂರು ಸಾವಿರನ ಹೇಗೆ ವಾಪಸ್ ತಂದೆ ಅಂತ ಕೇಳ್ತಾರೆ, ಅದಕ್ಕೆ ನಾನೇ ಮಾಡ್ಕೊಂಡಿರೋ ಒಂದು ಪಟ್ಟಿ ಇದೆ, ಯಾವ ಪದದ ಬಾಲಕ್ಕೆ ಯಾವ ಪ್ರತ್ಯಯ ಬಂದಾಗ ಬೇಕು ಅಂತ. ಆರು ತಿಂಗಳ ಕೆಲಸ ಅದು, ಸದ್ಯಕ್ಕೆ ನನ್ನ ಹತ್ರನೇ ಇರ್ಲಿ.

ಏರ್ಸೋವಾಗ ರಿಚ್ ಟೆಕ್ಸ್ಟ್ (ಬಟನ್ ಒತ್ತಿ ಅಲಂಕರಿಸೋ ಡಬ್ಬಿ) ಕಡೆ ಹೋಗೋದೇ ಇಲ್ಲ, ನೇರ ಎಚ್‌ಟಿಎಂಎಲ್ ಡಬ್ಬಿಗೇ. ಅಲ್ಲೂ ಒಂದು ಸಲ ಎಡವಿದೀನಿ. ನನ್ನ ಎಡಿಟರ್ ಎಂಬತ್ತು ಕಾಲಮ್ಮಿಗೆ ಸಾಲು ಮುರೀತಿತ್ತು, ಆರ್ಕೈವು ಒಂದು ಎಂಟರನ್ನ ಬಿಆರ್ (ಸಾಲು ಮುರಿಯೋ ಟ್ಯಾಗ್) ಅಂತ ತಗೊಳುತ್ತೆ, ಎರಡನ್ನ ಹೊಸ ಪ್ಯಾರಾ ಅಂತ. ಐದನೇ ಅಧ್ಯಾಯ ಪೂರ್ತಿ ನವ್ಯ ಕವಿತೆ ಥರ ತುಂಡು ತುಂಡಾಗಿ ಬಂತು. ಈಗ ಒಂದು ಪ್ಯಾರಾ ಅಂದ್ರೆ ಒಂದೇ ಉದ್ದ ಸಾಲು, ದೃಶ್ಯ ಬದಲಾದ್ರೆ ಅಡ್ಡಗೆರೆ ಎಳೆಯೋ ಎಚ್‌ಆರ್, ಅದು ಬಿಟ್ರೆ ಹೆಚ್ಚು ಕಮ್ಮಿ ಏನೂ ಇಲ್ಲ.

ಇಟಾಲಿಕ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ ಇದೆ. ಕನ್ನಡಕ್ಕೆ ಇಟಾಲಿಕ್ ಬೇಡ. ನಮ್ಮ ಫಾಂಟುಗಳಲ್ಲಿ ಹೆಚ್ಚಿನವಕ್ಕೆ ನಿಜವಾದ ಇಟಾಲಿಕ್ ಇಲ್ಲ, ಬ್ರೌಸರ್ರು ನೆಟ್ಟಗಿರೋ ಅಕ್ಷರನೇ ಹಿಡ್ಕೊಂಡು ಬಾಗಿಸುತ್ತೆ, ಆ ಒತ್ತು ಹೋಗಿ ಮುಂದಿನ ಅಕ್ಷರದ ಕಾಲಿಗೆ ತಗಲುತ್ತೆ. ಫಾಂಟ್ ನಾವೇ ಕಳ್ಸೋಣ ಅಂದ್ರೆ ವರ್ಕ್ ಸ್ಕಿನ್ನಲ್ಲಿ (ಕಥೆ ಕಾಣೋ ರೂಪ ತಿದ್ದೋಕೆ ಎಓ3 ಕೊಡೋ ಜಾಗ) ಅದಕ್ಕೆ ಅವಕಾಶ ಇಲ್ಲ, ಓದೋರ ಫೋನಲ್ಲಿ ಏನಿದೆಯೋ ಅದೇ. ಹಾಗಂತ ಇಎಂ ಟ್ಯಾಗ್ (ಇಟಾಲಿಕ್ ಮಾಡೋ ಗುರುತು) ತೆಗೀಬೇಡಿ. ಮನಸ್ಸಿನ ಮಾತಿಗೆ ನಾನು ಇಎಂ ಹಾಕ್ತೀನಿ, ಸ್ಕಿನ್ನಲ್ಲಿ ಅದನ್ನ ನೆಟ್ಟಗೆ ನಿಲ್ಲಿಸಿ ಬಣ್ಣ ಸ್ವಲ್ಪ ತಿಳಿ ಮಾಡಿದೀನಿ, ಜೊತೆಗೆ ಒಂಟಿ ಉದ್ಧರಣ ಚಿಹ್ನೆನೂ ಇದೆ. ಯಾರಾದ್ರೂ ಸ್ಕಿನ್ ಆಫ್ ಮಾಡಿ ಓದಿದ್ರೂ ಅರ್ಥ ಕೆಡಲ್ಲ. ಸಾಲುಗಳ ನಡುವಿನ ಅಂತರ 1.8 ಇಟ್ಟಿದೀನಿ, ಅದಕ್ಕಿಂತ ಕಮ್ಮಿ ಆದ್ರೆ ರಾಷ್ಟ್ರ ಥರ ಒತ್ತಿಗೆ ಒತ್ತು ಇರೋ ಪದ ಉಸಿರು ಕಟ್ಟುತ್ತೆ.

ಮಧ್ಯೆ ಒಂದು ಪ್ರಯೋಗ ಮಾಡ್ದೆ, ಅದನ್ನ ಹೇಳ್ದೆ ಇರೋಕಾಗಲ್ಲ. ಅಧಿರಥ ರಾತ್ರಿ ಪಾಳಿ ಮುಗಿಸಿ ಬಂದು ಗಮಕದ ಥರ ಪದ್ಯ ಹಾಡ್ತಾನೆ, ಆ ಭಾಮಿನಿ ಷಟ್ಪದಿಗಳು ನಾನೇ ಕಟ್ಟಿದ್ದು. ಒಂದು, ಎರಡು, ನಾಲ್ಕು, ಐದನೇ ಸಾಲು 14 ಮಾತ್ರೆ, ಮೂರು ಮತ್ತೆ ಆರನೇದು 23. ಲ್ಯಾಪ್‌ಟಾಪಲ್ಲಿ ಎಷ್ಟು ಚೆಂದ ಕಾಣುತ್ತೆ, ಫೋನಲ್ಲಿ ಉದ್ದ ಸಾಲು ಮುರಿದು ಆರು ಸಾಲಿನ ಪದ್ಯ ಎಂಟು ಸಾಲಾಗುತ್ತೆ, ಷಟ್ಪದಿ ಅಂತ ಯಾರು ನಂಬ್ತಾರೆ. ಸ್ಪೇಸ್ ಒತ್ತಿ ಒತ್ತಿ ಒಳಗೆ ತಳ್ಳಿ ನೋಡ್ದೆ, ಆಗ್ಲಿಲ್ಲ. ಕೊನೇಗೆ ಸ್ಕಿನ್ನಲ್ಲಿ ಸಾಲಿಗೊಂದು ಕ್ಲಾಸ್ ಕೊಟ್ಟು, ಮುರಿದ ತುಂಡು ಮಾತ್ರ ಒಳಗೆ ಸರಿದು ನಿಲ್ಲೋ ಹಾಗೆ ಮಾಡಿದೆ, ಎಡಗಡೆ ಜಾಗ ಬಿಟ್ಟು ಮೊದಲ ಸಾಲನ್ನ ಮೈನಸ್ಸಲ್ಲಿ ಹಿಂದೆ ಎಳೆಯೋದು, ಗೊತ್ತಿರೋರಿಗೆ ಗೊತ್ತಾಗುತ್ತೆ. ಅಳತೆ ಎಷ್ಟು ಅನ್ನೋದು ಹೇಳಲ್ಲ, ನಿಮ್ಮ ಪದ್ಯಕ್ಕೆ ನೀವೇ ಕಂಡ್ಕೊಳ್ಳಿ. ಒಂದು ಪದ್ಯದಲ್ಲಿ ಹಳಗನ್ನಡದ ಱ, ೞ ಎರಡೂ ಹಾಕಿದ್ದೆ. ಯುನಿಕೋಡಲ್ಲಿ ೞ ಅಕ್ಷರಕ್ಕೆ ಮೊದಲಿಂದ ಎಫ್‌ಎ (FA) ಅಂತ ತಪ್ಪು ಹೆಸರು ಬಿದ್ದಿದೆ, ಹೆಸರು ಹಾಕಿ ಹುಡುಕಿದ್ರೆ ಸಿಗಲ್ಲ ಅಂತ ಅರ್ಧ ದಿನ ಕಳೆದೆ. ತಮ್ಮನ ಟ್ಯಾಬಲ್ಲಿ ಅದು ಬರೀ ಡಬ್ಬಿ ಆಗಿ ಕಂಡಿತು, ತೆಗೆದು ಳ ಹಾಕ್ದೆ, ಬೇಜಾರಾಯ್ತು.

ಸಮ್ಮರಿಗೆ (ಕಥೆಯ ಸಾರಾಂಶಕ್ಕೆ) 1,250 ಕ್ಯಾರೆಕ್ಟರ್ ಮಿತಿ ಇದೆ. ಕನ್ನಡದಲ್ಲಿ ಅದು ಬೇಗ ಖಾಲಿ, ಸಾಮರ್ಥ್ಯ ಅನ್ನೋದು ಕಣ್ಣಿಗೆ ಮೂರು ಅಕ್ಷರ, ಎಣಿಕೇಲಿ ಎಂಟು. ಚಿಕ್ಕದಾಗಿ ಬರೀರಿ. ಫ್ಯಾಂಡಮ್ ಟ್ಯಾಗ್ (ಯಾವ ಮೂಲ ಕೃತಿಯ ಮೇಲೆ ಬರೆದದ್ದು ಅನ್ನೋ ಗುರುತು) ಮಾತ್ರ ಅಲ್ಲಿ ಚಾಲ್ತಿ ಇರೋ ಮಹಾಭಾರತದ್ದೇ ಹಾಕಿ, ಇಲ್ಲಾಂದ್ರೆ ಹುಡುಕೋರಿಗೆ ಕಾಣಲ್ಲ. ಇನ್ನೂ ಪ್ರಕಟಿಸದ ಹೊಸ ಕಥೆಯ ಡ್ರಾಫ್ಟ್ ಒಂದು ತಿಂಗಳಿಗೆ ತಾನಾಗೇ ಅಳಿಸಿಹೋಗುತ್ತೆ, ಗೊತ್ತಿದ್ದೂ ದಸರಾ ರಜೇಲಿ ಊರಿಗೆ ಹೋಗಿ ಇನ್ನೊಂದು ಕಥೆಯ ಡ್ರಾಫ್ಟ್ ಕಳ್ಕೊಂಡೆ, ತಪ್ಪು ನಂದೇ.

ಖರ್ಚು ಎಲ್ಲಾ ಸೇರಿ ಎಂಟು ಒಂಬತ್ತು ಸಾವಿರ ಆಗಿರ್ಬೇಕು, ಅದ್ರಲ್ಲಿ ಪ್ರೂಫ್ ನೋಡೋಕೆ ತೆಗೆಸಿದ ಪ್ರಿಂಟೇ ಎರಡು ಸಾವಿರ. ಮನೆಯವ್ರು "ಇದ್ರಿಂದ ಏನು ಬರುತ್ತೆ" ಅಂತಾರೆ. ದುಡ್ಡೇನೂ ಬರಲ್ಲ, ಆ ಆರ್ಕೈವಲ್ಲಿ ದುಡ್ಡಿನ ಲಿಂಕ್ ಕೂಡ ಹಾಕೋ ಹಾಗಿಲ್ಲ, ಅದು ನನಗೂ ಸರಿ ಅನ್ಸುತ್ತೆ. ಇಪ್ಪತ್ತೆರಡನೇ ಅಧ್ಯಾಯಕ್ಕೆ 31 ಕುಡೋಸ್ (ಲೈಕ್ ಥರದ್ದು) ಬಂದಿದೆ. ಒಬ್ಬರು ದುಬೈಯಿಂದ, ಅಧಿರಥನ ಪದ್ಯನ ಜೋರಾಗಿ ಓದಿ ಅಮ್ಮನಿಗೆ ಕೇಳಿಸ್ದೆ ಅಂತ ಬರೆದಿದ್ರು. ಇಪ್ಪತ್ತಮೂರನೇದು ಇನ್ನೂ ಕಠಾರಿ ಹಾಕ್ಕೊಂಡೇ ಕೂತಿದೆ, ಚೀಟೀಲಿ 152 ಅಂತ ಇದೆ, ಫೈಲಲ್ಲಿ 151 ಬರ್ತಿದೆ, ಇವತ್ತು ರಾತ್ರಿ ಹುಡುಕ್ಬೇಕು.