ಕ್ವಾಡ್ ಬೈಕನ್ನು ಯುರೋಪಿನ ರಸ್ತೆಗೆ ಇಳಿಸುವ ಮುನ್ನ

ಯುರೋಪಿನಲ್ಲಿ ಕ್ವಾಡ್ ಬೈಕ್ (ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಬೈಕ್) ಕೊಳ್ಳುವವರು ಬೆಲೆ ಕೇಳುವುದಕ್ಕೂ ಮೊದಲು ಅದಕ್ಕೆ ರಸ್ತೆ ಬಳಕೆಯ ಮಾದರಿ ಅನುಮೋದನೆ, ಅಂದರೆ ಆ ಮಾದರಿ ರಸ್ತೆಯ ಮಾನದಂಡಗಳಿಗೆ ಹೊಂದುತ್ತದೆ ಎಂಬ ಅಧಿಕೃತ ಒಪ್ಪಿಗೆ, ಇದೆಯೇ ಎಂದು ಕೇಳಬೇಕು. ಹೊಲ ಮತ್ತು ಕಾಡುದಾರಿಗಳಿಗೆಂದೇ ತಯಾರಾದ ಕ್ವಾಡ್‌ಗೆ ದೀಪ, ಹಾರ್ನ್ ಜೋಡಿಸಿದ ಮಾತ್ರಕ್ಕೆ ಅದು ಸಾರ್ವಜನಿಕ ರಸ್ತೆಗೆ ಅರ್ಹವಾಗುವುದಿಲ್ಲ. ಬ್ರಿಟನ್ನಿನಲ್ಲಿ ಅನುಮೋದನೆ ದೊರೆತ ಮೇಲೂ ವಾಹನ ನೋಂದಣಿಯ ಸರ್ಕಾರಿ ಸಂಸ್ಥೆಯಾದ ಡಿವಿಎಲ್‌ಎಯಲ್ಲಿ ನೋಂದಾಯಿಸಿ, ತೆರಿಗೆ ಕಟ್ಟಿ, ವಿಮೆ ಮಾಡಿಸಿ, ಮುಂದೆ ಹಿಂದೆ ಎರಡೂ ಕಡೆ ನಂಬರ್ ಫಲಕ ಹಾಕಬೇಕು. ಮೂರು ವರ್ಷ ದಾಟಿದ ವಾಹನಕ್ಕೆ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ತಪಾಸಣೆಯೂ ಕಡ್ಡಾಯ.

ಯುರೋಪಿಯನ್ ಒಕ್ಕೂಟದಲ್ಲಿ ನೋಂದಣಿ ಪತ್ರದಲ್ಲಿರುವ ವರ್ಗವನ್ನು ಗಮನವಿಟ್ಟು ಓದಿ. ಒಂದೇ ರೀತಿ ಕಾಣುವ ಎರಡು ಕ್ವಾಡ್‌ಗಳಲ್ಲಿ ಒಂದು ಎಲ್7ಇ ವರ್ಗದ ಚತುಷ್ಚಕ್ರ ವಾಹನವಾಗಿ, ಇನ್ನೊಂದು ಟಿ ವರ್ಗದ ಟ್ರ್ಯಾಕ್ಟರ್ ಆಗಿ ನೋಂದಣಿಯಾಗಿರಬಹುದು, ಮತ್ತು ಚಾಲನಾ ಪರವಾನಗಿ, ವೇಗದ ಮಿತಿ, ವಿಮೆಯ ಷರತ್ತು ಎಲ್ಲವೂ ಆ ಒಂದು ಅಕ್ಷರದ ಮೇಲೆ ನಿಂತಿರುತ್ತವೆ. ವಿಮಾ ಕಂಪನಿಗೆ ಅದೇ ವರ್ಗವನ್ನು ತಿಳಿಸಿ.

ಗಡಿ ದಾಟುವುದಿದ್ದರೆ ಗ್ರೀನ್ ಕಾರ್ಡ್ (ಅಂತರರಾಷ್ಟ್ರೀಯ ವಾಹನ ವಿಮಾ ಪತ್ರ) ಬೇಕೇ ಎಂದು ವಿಮಾ ಕಂಪನಿಯನ್ನು ಮೊದಲೇ ವಿಚಾರಿಸಿ. ಅದು ಮೂರನೆಯವರಿಗಾದ ಹಾನಿಯ ಕಡ್ಡಾಯ ವಿಮೆಗೆ ಪುರಾವೆಯಷ್ಟೇ. ನಿಮ್ಮ ವಾಹನದ ಕಳವು ಅಥವಾ ಹಾನಿಗೆ ವಿದೇಶದಲ್ಲೂ ರಕ್ಷಣೆ ಇದೆಯೇ ಎಂಬುದನ್ನು ದಯವಿಟ್ಟು ಬರಹದಲ್ಲೇ ಪಡೆದುಕೊಳ್ಳಿ.