ಸರ್ಕಾರಿ ಆಸ್ಪತ್ರೇಲಿ ಅಡ್ಮಿಟ್ ಆಗೋ ಮುಂಚೆ: ಆರೋಗ್ಯ ಮಿತ್ರ ಕೌಂಟರ್‌ನ ಕೆಲಸ ಮುಗಿಸ್ಕೊಳ್ಳೋದು ಹೇಗೆ

ಬೌರಿಂಗ್, ವಿಕ್ಟೋರಿಯಾ, ಕೆ.ಸಿ. ಜನರಲ್, ಎಲ್ಲೇ ಆಗ್ಲಿ, ಡಾಕ್ಟ್ರು ಆಪರೇಷನ್ ಅಂದ ತಕ್ಷಣ ಮನೆಯವ್ರು ದುಡ್ಡು ಹೊಂದಿಸೋಕೆ ಓಡ್ತಾರೆ. ಮೊದ್ಲು ಹೋಗ್ಬೇಕಾಗಿರೋದು ಆರೋಗ್ಯ ಮಿತ್ರ ಕೌಂಟರ್‌ಗೆ, ಸರ್ಕಾರದ ಚಿಕಿತ್ಸಾ ಸ್ಕೀಮಿನ ಕಾಗದಪತ್ರ ನೋಡ್ಕೊಳ್ಳೋರು ಅಲ್ಲಿರ್ತಾರೆ.

ಮನೆಯಿಂದ ಹೊರಡುವಾಗ್ಲೇ ಆಧಾರ್, ರೇಷನ್ ಕಾರ್ಡ್ ಒರಿಜಿನಲ್ಲು ಜೆರಾಕ್ಸು ಎರಡೂ ಇಟ್ಕೊಳ್ಳಿ, ಎರಡ್ರಲ್ಲೂ ಹೆಸ್ರು ಒಂದೇ ಥರ ಇದ್ಯಾ ನೋಡಿ. ಹೊಸದಾಗಿ ಮದ್ವೆಯಾದ ಸೊಸೆ ಹೆಸ್ರು ಇನ್ನೂ ತವರುಮನೆ ಕಾರ್ಡಲ್ಲೇ ಇರತ್ತೆ, ಅದನ್ನ ಹೆರಿಗೆ ನೋವು ಬಂದ್ಮೇಲೆ ಸರಿ ಮಾಡಿಸೋಕೆ ಯಾರ ಕೈಲೂ ಆಗಲ್ಲ.

ಓಪಿಡಿ ಚೀಟಿಗೆ ಕ್ಯೂ ಇದ್ದೇ ಇರತ್ತೆ. ಫೋನಲ್ಲಿ 14 ಅಂಕಿಯ ಆಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ ನಂಬರ್) ಇದ್ರೆ, ಕ್ಯೂಆರ್ ಕೋಡ್ ಅಂಟಿಸಿರೋ ಕಡೆ ಸ್ಕ್ಯಾನ್ ಮಾಡಿ ಟೋಕನ್ ತಗೋಬಹುದು.

ಡಾಕ್ಟ್ರು ಅಡ್ಮಿಷನ್ ಬರೆದ್ರೆ ಆ ಚೀಟಿ ಹಿಡ್ಕೊಂಡು ಸೀದಾ ಆರೋಗ್ಯ ಮಿತ್ರ ಹತ್ರ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಸ್ಕೀಮಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ವೆಚ್ಚ ಸಿಗತ್ತೆ, ಒಬ್ಬೊಬ್ಬರಿಗಲ್ಲ, ಇಡೀ ಕುಟುಂಬಕ್ಕೆ. ಎಪಿಎಲ್‌ನೋರು ನಮಗೇನೂ ಇಲ್ಲ ಅಂದ್ಕೊಂಡು ಕೇಳೋದೇ ಇಲ್ಲ, ಅವರಿಗೂ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸ್ಕೀಮಲ್ಲಿ ನಿಗದಿ ಮಾಡಿರೋ ದರ) ಶೇ. 30ರಷ್ಟು ಸಿಗತ್ತೆ, ವರ್ಷಕ್ಕೆ 1.5 ಲಕ್ಷದ ಮಿತಿ, ದಯವಿಟ್ಟು ಕೇಳಿ.

ಆ ಚಿಕಿತ್ಸೆ ಅಲ್ಲಿ ಇಲ್ಲ ಅಂದ್ರೆ ಸ್ಕೀಮ್‌ನಲ್ಲಿರೋ ಖಾಸಗಿ ಆಸ್ಪತ್ರೆಗೆ ರೆಫರಲ್ ಬರೆಸ್ಕೊಳ್ಳಿ. ಎಮರ್ಜೆನ್ಸಿ ಪಟ್ಟಿಲಿರೋ ಕೇಸ್‌ಗಳಿಗೆ ಬಿಟ್ರೆ ಮಿಕ್ಕಿದ್ದಕ್ಕೆ ರೆಫರಲ್ ಇಲ್ದೆ ನಡೆಯಲ್ಲ, ಮತ್ತೆ ಇದು ಕ್ಯಾಶ್‌ಲೆಸ್ ಸ್ಕೀಮು, ಮೊದ್ಲು ಕೈಯಿಂದ ಕಟ್ಟಿ ಆಮೇಲೆ ಬಿಲ್ ತೋರಿಸಿ ವಾಪಸ್ ಪಡೀತೀನಿ ಅಂತ ನೆಚ್ಕೋಬೇಡಿ. ಸ್ಕೀಮಿಂದ ಚಿಕಿತ್ಸೆಗೆ ಅನುಮತಿ ಬಂತಾ ಅಂತ ಕೇಳಿ ಆ ಅನುಮತಿ ನಂಬರ್ ಬರ್ಕೊಳ್ಳಿ. ಕೌಂಟರಲ್ಲಿ ಯಾರೂ ಇಲ್ವಾ, ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ಆರ್‌ಎಂಒ (ಆಸ್ಪತ್ರೆಯ ನಿವಾಸಿ ವೈದ್ಯಾಧಿಕಾರಿ) ಆಫೀಸಲ್ಲಿ ವಿಚಾರಿಸಿ. ಆರೋಗ್ಯ ಮಿತ್ರ ಕೌಂಟರಲ್ಲಿ ಕೂತಿರೋರು ಒಬ್ಬರೇ ದಿನವಿಡೀ ನೂರೆಂಟು ಜನರ ಕಾಗದ ನೋಡ್ತಿರ್ತಾರೆ, ಸ್ವಲ್ಪ ತಾಳ್ಮೆಯಿಂದ ಮಾತಾಡಿ.

ಕ್ಯಾಶುವಾಲ್ಟೀಲಿ ಗಾಬರಿಗೆ ಮನೇಲಿ ಕರೆಯೋ ಹೆಸ್ರು ಹೇಳ್ಬಿಡ್ತಾರೆ, ಅದೇ ಕೇಸ್‌ಶೀಟಿಗೆ ಹೋಗತ್ತೆ. ಆಧಾರ್‌ನಲ್ಲಿರೋ ಹೆಸ್ರೇ ಹೇಳಿ. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ವಾರ್ಡಲ್ಲೇ ನಿಂತು ಹೆಸ್ರು, ವಯಸ್ಸು ಓದಿ, ತಪ್ಪಿದ್ರೆ ಆಗ್ಲೇ ತಿದ್ದಿಸಿ, ಆಮೇಲಾದ್ರೆ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅಲೀಬೇಕಾಗತ್ತೆ. ಹೆರಿಗೆ ಆಗಿದ್ರೆ ಜನನ ನೋಂದಣಿಗೆ 21 ದಿನ ಟೈಮ್ ಇದೆ, ಆಸ್ಪತ್ರೆಯೋರೇ ವಿವರ ಕಳಿಸ್ತಾರೆ, ಆದ್ರೆ ಅಪ್ಪ ಅಮ್ಮನ ಹೆಸರಿನ ಸ್ಪೆಲ್ಲಿಂಗ್ ಕಳಿಸೋ ಮುಂಚೆ ನೀವೇ ನೋಡಿ.