ಉಬುಂಟು ಫೋಲ್ಡರ್ ವಿಂಡೋಸ್‌ನಲ್ಲಿ ತೆರೆಯುತ್ತಿಲ್ವಾ?

ನಿಮ್ಮದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಡಿಟಿಪಿ ಅಂಗಡಿ ಅಂದುಕೊಳ್ಳಿ. ಮುಂದಿನ ಟೇಬಲ್ ಮೇಲೆ ವಿಂಡೋಸ್ 11, ಒಳಗಿನ ಹಳೇ ಕಂಪ್ಯೂಟರಿನಲ್ಲಿ ಉಬುಂಟು, ಲಗ್ನಪತ್ರಿಕೆ ಫೈಲೆಲ್ಲ ಅದರಲ್ಲೇ. ಗಿರಾಕಿ ಎದುರಿಗೇ ಕೂತಿದ್ದಾರೆ, ನೆಟ್‌ವರ್ಕಿನಲ್ಲಿ ಹಂಚಿಕೊಂಡ ಆ ಫೋಲ್ಡರ್ ಮಾತ್ರ ತೆರೆಯುತ್ತಿಲ್ಲ. ಇಂಥ ಹೊತ್ತಲ್ಲಿ ಕಂಡ ಕಂಡ ಸೆಟ್ಟಿಂಗ್ ಒತ್ತಬೇಡಿ.

ಮೊದಲು ಉಬುಂಟುವಿನ ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಅದರ ನಂಬರ್) ನೋಡಿಕೊಂಡು ವಿಂಡೋಸ್‌ನಿಂದ ಪಿಂಗ್ ಮಾಡಿ, ಅಂದ್ರೆ ಆ ಕಂಪ್ಯೂಟರ್ ಉತ್ತರ ಕೊಡುತ್ತಾ ನೋಡುವ ಕಮಾಂಡ್ ಕೊಡಿ. ಉತ್ತರ ಬರಲಿಲ್ಲವಾ? ಒಂದು ಕಂಪ್ಯೂಟರ್ ಗೆಸ್ಟ್ ವೈಫೈಗೆ ಸೇರಿಕೊಂಡಿದೆಯಾ ನೋಡಿ. ಬಂದರೆ, ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಆ ನಂಬರನ್ನೇ ಬರೆಯಿರಿ. ಹೆಸರಿಗೆ ಸಿಗದ ಕಂಪ್ಯೂಟರ್ ನಂಬರಿಗೆ ಸಿಕ್ಕಿತು ಅಂದ್ರೆ ಶೇರಿಂಗ್ ಸರಿ ಇದೆ, ತೊಂದರೆ ಹೆಸರು ಹುಡುಕೋದರಲ್ಲಷ್ಟೇ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ರೂಟರ್ ಬೇರೆ ಐಪಿ ಕೊಟ್ಟುಬಿಡಬಹುದು, ಅದಕ್ಕೇ ರೂಟರ್‌ನಲ್ಲೇ ಉಬುಂಟುಗೆ ಒಂದು ಐಪಿ ಕಾಯಂ ಮಾಡಿಬಿಡಿ. ಪಿಂಗ್ ಬಂದೂ ಫೋಲ್ಡರ್ ಬರದಿದ್ದರೆ ಸಾಂಬಾ (ಉಬುಂಟುವಿನ ಫೋಲ್ಡರನ್ನು ವಿಂಡೋಸ್‌ಗೆ ಹಂಚುವ ಸಾಫ್ಟ್‌ವೇರ್) ಓಡ್ತಿದೆಯಾ, ಫೈರ್‌ವಾಲ್ ಹಂಚಿಕೆಗೆ ಬೇಕಾದ 445ನೇ ಪೋರ್ಟ್ ತಡೆದಿದೆಯಾ ನೋಡಿ. ಆ ಪೋರ್ಟನ್ನು ಅಂಗಡಿಯ ನೆಟ್‌ವರ್ಕಿಗಷ್ಟೇ ತೆರೆದರೆ ಸಾಕು, ಫೈರ್‌ವಾಲನ್ನೇ ಆಫ್ ಮಾಡೋದು ಬೇಡ.

ಜಾಸ್ತಿ ತಲೆ ತಿನ್ನೋದು ಪಾಸ್‌ವರ್ಡ್. ಉಬುಂಟುಗೆ ಲಾಗಿನ್ ಆಗುವ ಪಾಸ್‌ವರ್ಡ್ ಬೇರೆ, ಸಾಂಬಾ ಇಟ್ಟುಕೊಳ್ಳುವ ಪಾಸ್‌ವರ್ಡ್ ಬೇರೆ. ಎಸ್‌ಎಂಬಿಪಾಸ್‌ಡಬ್ಲ್ಯೂಡಿ (smbpasswd) ಕಮಾಂಡ್‌ನಿಂದ ಅದೇ ಯೂಸರ್‌ಗೆ ಒಮ್ಮೆ ಕೊಡಲೇಬೇಕು. ಕೊಟ್ಟ ಮೇಲೂ ಕೇಳುತ್ತಲೇ ಇದ್ದರೆ ವಿಂಡೋಸ್ ಹಳೇದನ್ನೇ ಹಿಡಿದುಕೊಂಡಿರುತ್ತೆ, ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಹೋಗಿ ಅಳಿಸಿ. ಉಬುಂಟುವಿನಿಂದ ವಿಂಡೋಸ್ ಫೋಲ್ಡರ್ ತೆರೆಯುವಾಗ ನಾಲ್ಕಂಕಿಯ ಪಿನ್ ನಡೆಯಲ್ಲ, ಅಕೌಂಟಿನ ಪೂರ್ತಿ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ನಿನ್ನೆವರೆಗೂ ಚೆನ್ನಾಗಿತ್ತು, ಅಪ್‌ಡೇಟ್ ಆದ ಮೇಲೆ ನಿಂತಿತು ಅನ್ನುವವರು ಆವೃತ್ತಿ ನೋಡಿಕೊಳ್ಳಿ: ವಿಂಡೋಸ್ 11 ಪ್ರೊ 24ಎಚ್2 ಸುಮ್ನೆ ಅದನ್ನು ಒಪ್ಪಲ್ಲ.

ಎಸ್‌ಎಂಬಿ 1 (ಫೋಲ್ಡರ್ ಹಂಚಿಕೆಯ ಹಳೇ ವಿಧಾನ) ಆನ್ ಮಾಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಹಬ್ಬಿದ್ದು ಅದೇ ಬಾಗಿಲಿಂದ.

ತೆರೆಯುತ್ತೆ, ಸೇವ್ ಆಗ್ತಿಲ್ಲ ಅಂದ್ರೆ ಅನುಮತಿ ಎರಡು ಕಡೆ ಇರಬೇಕು: ಸಾಂಬಾ ಸೆಟ್ಟಿಂಗಿನಲ್ಲೂ, ಉಬುಂಟುವಿನ ಆ ಫೋಲ್ಡರಿಗೂ. ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟು ಕೈ ತೊಳೆದುಕೊಳ್ಳೋದು ಸೋಮಾರಿ ಕೆಲಸ, ಆ ಯೂಸರ್‌ಗೆ ಮಾತ್ರ ಕೊಡಿ.

ಇನ್ನು ಫೈಲಿನ ಹೆಸರು. ಉಬುಂಟುವಿನಲ್ಲಿ "ಲಗ್ನಪತ್ರಿಕೆ: ಕೊನೇದು?" ಅಂತ ಇಟ್ಟರೆ ನಡೆಯುತ್ತೆ. ವಿಂಡೋಸ್‌ಗೆ ಆ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಎರಡೂ ಆಗಲ್ಲ, ಹಾಗಾಗಿ ಅಲ್ಲಿ ಏನೋ ಅರ್ಥವಿಲ್ಲದ ಗಿಡ್ಡ ಹೆಸರು ಕಾಣಿಸುತ್ತೆ. ಫೈಲ್ ಕೆಟ್ಟಿಲ್ಲ, ಉಬುಂಟುವಿನಲ್ಲೇ ಹೆಸರು ಬದಲಿಸಿ.